ಅಳಿಲುಗಳಿಗೆ ಸಿಪ್ಪೆ ಸಮೇತ ಕೊಡಲು ಶುರು ಮಾಡಿದ ಮೇಲೆ

ಹಿತ್ತಲಿಗೆ ಬರುವ ಅಳಿಲುಗಳಿಗೆ ಈಗ ಎಲ್ಲವನ್ನೂ ಸಿಪ್ಪೆ ಸಮೇತವೇ ಇಡುತ್ತಿದ್ದೇನೆ. ಸುಲಿದ ಬೀಜ ಇಟ್ಟರೆ ಬಾಯಿಗೆ ಹಾಕಿಕೊಂಡು ಕ್ಷಣದಲ್ಲಿ ಮಾಯವಾಗುತ್ತಿದ್ದವು. ಸಿಪ್ಪೆ ಇದ್ದರೆ ಅಲ್ಲೇ ಕೂರುತ್ತವೆ. ಕಿವಿ ಹರಿದ ಅಳಿಲೊಂದು ನಿನ್ನೆ ಅಕ್ರೋಟು ಒಡೆಯುವುದನ್ನು ಪೂರ್ತಿ ನೋಡಿದೆ. ಹಿಂಗಾಲ ಮೇಲೆ ಕೂತು, ಬಾಲವನ್ನು ಬೆನ್ನಿಗೆ ಒರಗಿಸಿಕೊಂಡು, ಕಾಯನ್ನು ಮುಂಗಾಲುಗಳಲ್ಲಿ ಹಿಡಿದು ತಿರುಗಿಸಿತು. ಒಂದು ಕಡೆ ಹಲ್ಲು ಊರಿತು. ಸರಿ ಬರಲಿಲ್ಲವೇನೋ, ಮತ್ತೆ ತಿರುಗಿಸಿತು. ಎರಡು ಹೋಳು ಸೇರುವ ಅಂಚು ಸಿಕ್ಕ ಮೇಲೆ ಶುರುವಾದ ಕರಕರ ಸದ್ದು ಕಿಟಕಿಯ ಒಳಗೂ ಕೇಳಿಸಿತು. ಎಂಥ ಖುಷಿ ಗೊತ್ತಾ!

ಅವಕ್ಕೂ ಇದು ಒಳ್ಳೆಯದೇ. ಅಳಿಲಿನ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಪದಾರ್ಥ ಕಡಿದು ಕಡಿದೇ ಅದು ಸವೆಯಬೇಕು.

ಏನು ಕೊಡಬೇಕು ಅನ್ನುವುದೂ ಬದಲಾಗಿದೆ. ಕಡಲೆಕಾಯಿ, ಸೂರ್ಯಕಾಂತಿ ಬೀಜ, ಜೋಳ ಅಂದರೆ ಓಡಿ ಬರುತ್ತವೆ ನಿಜ. ಆದರೆ ಇವುಗಳಲ್ಲಿ ಕ್ಯಾಲ್ಸಿಯಂ ತುಂಬಾ ಕಡಿಮೆ, ರಂಜಕ ಜಾಸ್ತಿ. ಇವನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡರೆ ಮೂಳೆ ಸೊರಗುತ್ತದೆ. ಹಾಗಾಗಿ ಇವು ಅಪರೂಪಕ್ಕೆ, ಅದೂ ಉಪ್ಪಿಲ್ಲದ್ದು ಮಾತ್ರ. ಬೂಷ್ಟು ಹಿಡಿದ ಕಡಲೆಕಾಯಿಯಂತೂ ವಿಷವೇ. ಬ್ರೆಡ್ಡು, ಬಿಸ್ಕತ್ತು ಬೇಡವೇ ಬೇಡ. ಅಕ್ರೋಟು, ಹಣ್ಣಿನ ಚೂರು, ಕ್ಯಾರೆಟ್ಟು ಇಡುತ್ತೇನೆ, ಅದನ್ನೂ ಸ್ವಲ್ಪವೇ. ಮಿಕ್ಕಿದ್ದನ್ನು ಅವು ಮರದಲ್ಲಿ ಹುಡುಕಿಕೊಳ್ಳಲಿ. ಪಕ್ಕದಲ್ಲಿ ಆಳವಿಲ್ಲದ ತಟ್ಟೆಯಲ್ಲಿ ನೀರು. ದಿನಾ ತೊಳೆಯಲೇಬೇಕು, ಹತ್ತಾರು ಬಾಯಿ ಬರುವ ಜಾಗದಲ್ಲಿ ರೋಗ ಬೇಗ ಹರಡುತ್ತದೆ.

ಪಾರ್ಕಿಗೆ ಏನೂ ಒಯ್ಯುತ್ತಿಲ್ಲ. ಅಲ್ಲಿ ಸುಮ್ನೆ ಕೂತು ನೋಡುವುದಷ್ಟೇ. ಅಳಿಲು ತಲೆ ಕೆಳಗಾಗಿ ಮರ ಇಳಿಯುವುದನ್ನು ಎಲ್ಲರೂ ನೋಡಿರುತ್ತೇವೆ, ಅಲ್ವಾ? ಈ ಸಲ ಕಾಲನ್ನೇ ಗಮನಿಸಿದೆ. ಹಿಂಗಾಲಿನ ಪಾದ ಹರಡಿನ ಹತ್ತಿರ ಪೂರ್ತಿ ಹಿಂದಕ್ಕೆ ತಿರುಗುತ್ತದೆ, ಉಗುರು ತೊಗಟೆಗೆ ಸಿಕ್ಕಿಕೊಳ್ಳುತ್ತದೆ. ಅದರ ಬಲದ ಮೇಲೇ ಅದು ನಡುಮರದಲ್ಲಿ ನೇತಾಡಿಕೊಂಡು ಎರಡೂ ಕೈಯಲ್ಲಿ ತಿನ್ನುತ್ತದೆ. ಕಾಯಿ ಹೂಳುವ ಅಳಿಲುಗಳ ಊರಿನಲ್ಲಿರುವವರು ಇನ್ನೂ ಅದೃಷ್ಟವಂತರು. ಬೂದು ಅಳಿಲು ಬೇರೆ ಅಳಿಲು ನೋಡುತ್ತಿದ್ದರೆ ಗುಂಡಿ ತೋಡಿ, ಏನೂ ಹಾಕದೆ ಮಣ್ಣು ಮುಚ್ಚಿ, ಕಾಯನ್ನು ಬಾಯಲ್ಲೇ ಇಟ್ಟುಕೊಂಡು ಹೊರಟುಬಿಡುತ್ತದೆ!

ಕೈಯಿಂದಲೇ ತಿನ್ನಿಸಿ ಅಂತ ಗೆಳೆಯರು ಹೇಳುತ್ತಿರುತ್ತಾರೆ. ನನಗೆ ಅದು ಬೇಡ. ನನ್ನ ಕೈಗೆ ಬಂದದ್ದು ನಾಳೆ ಎಲ್ಲರ ಕೈಗೂ ಹೋಗುತ್ತದೆ, ಹೆದರಿದವರ ಬೆರಳನ್ನೂ ಕಚ್ಚುತ್ತದೆ. ಮನುಷ್ಯರನ್ನು ಕಂಡರೆ ಅದಕ್ಕೆ ಅಷ್ಟಿಷ್ಟು ಭಯ ಇರಲೇಬೇಕು.

ಸದ್ಯ ತಟ್ಟೆಯ ಜಾಗ ಬದಲಾಯಿಸಬೇಕಿದೆ. ಪಕ್ಕದ ಪೊದೆಯಲ್ಲಿ ಬೆಕ್ಕು ಹೊಂಚು ಹಾಕುತ್ತಿದೆ. ಮೊನ್ನೆ ಮೋಟುಬಾಲದ ಅಳಿಲು ಕೊಂಬೆಯಿಂದ ಬಾಲ ಜಾಡಿಸುತ್ತಾ ಚಿಕ್ ಚಿಕ್ ಅಂತ ಒಂದೇ ಸಮನೆ ಕೂಗಿದ್ದರಿಂದಲೇ ನನಗೂ ಅದು ಕಂಡಿದ್ದು. ತಟ್ಟೆಯನ್ನು ಬಯಲಿಗೆ ತಂದು, ಒಂದೇ ನೆಗೆತಕ್ಕೆ ಮರ ಸಿಗುವಷ್ಟು ಹತ್ತಿರ, ಕಂಬದ ಮೇಲೆ ಎತ್ತರದಲ್ಲಿ ಇಡುತ್ತೇನೆ.