ಸಾಂವ್ ತೊಮೆಯಲ್ಲಿ ಪೌಂಡ್ ಚಿಹ್ನೆ

ಇವತ್ತು ಪಣಜಿಯಲ್ಲಿ ಕಣ್ಣಿಗೆ ಬಿದ್ದ ಪಾರ್ಸೆಲ್ ಲೇಬಲ್. ವಿಳಾಸ ಅಲ್ಲಿನ ಸಾಂವ್ ತೊಮೆ ಬಡಾವಣೆ. ಪೋರ್ಚುಗೀಸ್ ಸ್ಪೆಲ್ಲಿಂಗು: São Tomé. ಆದರೆ ಮೊದಲ ಪದದ ನಡುವೆ ಪೌಂಡ್ ಚಿಹ್ನೆ, ಎರಡನೆಯದರ ಕೊನೆಗೆ ಕಾಪಿರೈಟ್ ಚಿಹ್ನೆ!

ಪ್ರಿಂಟರ್ ಕೆಟ್ಟಿಲ್ಲ. ಲೆಕ್ಕ ನೋಡಿ.

ಕಂಪ್ಯೂಟರ್‌ಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಬರೀ ಸಣ್ಣ 'ಎ' (a) ಅಂದರೆ 97. 127ರವರೆಗೆ ಒಂದೇ ಬೈಟ್ (ಕಂಪ್ಯೂಟರ್ ಸಂಖ್ಯೆ ಇಡುವ ಒಂದು ಪುಟ್ಟ ಖಾನೆ) ಸಾಕು. ನೆತ್ತಿಯ ಮೇಲೆ ಅಲೆಗೆರೆ ಇರುವ 'ಎ'ಗೆ (ã) ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ, ಕೊಟ್ಟ ಸಂಖ್ಯೆ 227. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಎರಡು ಬೈಟ್ ಬೇಕು. 227ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 35. ಆ ಪದ್ಧತಿಯ ನಿಯಮದಂತೆ 192ಕ್ಕೆ 3 ಕೂಡಿಸಿದರೆ ಮೊದಲ ಬೈಟ್ 195, 128ಕ್ಕೆ 35 ಕೂಡಿಸಿದರೆ ಎರಡನೆಯದು 163. ಈ ಜೋಡಿಯನ್ನು ಒಂದು ಬೈಟಿಗೆ ಒಂದು ಅಕ್ಷರ ಎನ್ನುವ ಹಳೆಯ ವಿಂಡೋಸ್-1252 ಪಟ್ಟಿ ಹಿಡಿದು ಬಿಡಿಬಿಡಿಯಾಗಿ ಓದಿದರೆ 163 ಅಂದರೆ ಪೌಂಡ್. ತೊಮೆಯ ಕೊನೆಯ, ಮೇಲೆ ಓರೆಗೆರೆ ಇರುವ 'ಇ' (é) 233. ಅದು 195, 169 ಆಗುತ್ತೆ. 169 ಕಾಪಿರೈಟ್.

ಇಂಗ್ಲಿಷ್ ವಿಳಾಸಗಳೆಲ್ಲ 127ರೊಳಗೇ ಇರೋದರಿಂದ ಈ ತಪ್ಪು ಯಾರಿಗೂ ಕಾಣಲ್ಲ. ಕನ್ನಡದ್ದಾದರೆ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಸಾಲಿಗೆ ಸಾಲೇ ಕೆಡುತ್ತೆ, ತಕ್ಷಣ ಗೊತ್ತಾಗುತ್ತೆ. ಗೋವಾದ ಹೆಸರುಗಳಿಗೆ ಆ ಅದೃಷ್ಟವೂ ಇಲ್ಲ.

ಸಾಮಾನ್ಯವಾಗಿ ಎಡವೋದು ವಿಳಾಸಗಳ ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಫೈಲ್ ಒರಿಜಿನ್‌ನಲ್ಲಿ 65001, ಅಂದರೆ ಯುಟಿಎಫ್-8, ಆರಿಸಿ. ಕೆಟ್ಟದ್ದು ಕಂಡರೆ ದಯವಿಟ್ಟು ಸೇವ್ ಮಾಡಬೇಡಿ. ಅದೇ ಮತ್ತೆ ಯುಟಿಎಫ್-8 ಆಗಿ ಸೇವ್ ಆದರೆ ಎರಡು ಬೈಟ್ ನಾಲ್ಕಾಗುತ್ತೆ. ಆಮೇಲೆ ಸರಿಯಾಗಿ ಓದಿದರೂ ಪೌಂಡೇ ಕಾಣೋದು.

ಅಲೆಗೆರೆಯನ್ನೇ ಅಳಿಸಿಬಿಡಿ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಜಾಗದ ಹೆಸರು ಅದು, ಹಾಗೇ ಬರಬೇಕು.