ಉದ್ಯಮಬಾಗದಲ್ಲಿ ಓದಿಸಿಕೊಂಡ ಚಿಪ್

ನಮ್ಮ ಕಾರಿನ ಎಂಜಿನ್‌ಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಅದರ ಕಂಪ್ಯೂಟರು, ಗ್ಯಾರೇಜಿನ ಮಾತಿನಲ್ಲಿ ಇಸಿಎಂ. ಬೆಳಗಾವಿಯ ಮಳೆ ಮುಂಗಾಜಿನ ಹಳೆಯ ರಬ್ಬರಿನ ಸಂದಿಯಿಂದ ಇಳಿದಿಳಿದು, ಡ್ಯಾಶ್‌ಬೋರ್ಡಿನ ಬದಿಯಲ್ಲಿ ಅಡಗಿದ್ದ ಆ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ತಲುಪಿತ್ತು. ಕಾರು 1997ರದು. 2000ದ ಹೊಗೆ ನಿಯಮಗಳು ಕಾರ್ಬ್ಯುರೇಟರನ್ನು ಮೂಲೆಗುಂಪು ಮಾಡುವ ಮೊದಲೇ ಎಂಪಿಎಫ್‌ಐ, ಅಂದರೆ ಕಂಪ್ಯೂಟರಿನ ಮಾತಿನಂತೆ ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಏರ್ಪಾಡು, ಹೊತ್ತು ಬಂದ ಮಾದರಿ. ಅದನ್ನು ತಯಾರಿಸಿದವರು ಇಲ್ಲಿಂದ ಗಂಟುಮೂಟೆ ಕಟ್ಟಿ ಬಹಳ ಕಾಲವಾಗಿದೆ; ಹೊಸ ಇಸಿಎಂ ಸಿಗುವ ಮಾತೇ ಇಲ್ಲ. ಮಾರಿಬಿಡಿ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಆದರೆ ಪಾಸಿಂಗ್, ಅಂದರೆ ಆರ್‌ಟಿಒ ನೋಂದಣಿ, ನವೀಕರಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕಟ್ಟಿದ ಶುಲ್ಕ ನೆನಪಾದಾಗಲೆಲ್ಲ ಕಾರಿನ ಮೇಲೆ ನನಗೆ ಪ್ರೀತಿ ಉಕ್ಕುತ್ತಿತ್ತು.

ಮಿಸ್ತ್ರಿ ಕೊಲ್ಹಾಪುರದ ಗುಜರಿಯಿಂದ ಇನ್ನೊಂದು ಇಸಿಎಂ ತರಿಸಿದ. ಪೆಟ್ಟಿಗೆಯ ಮೇಲಿನ ಸಂಖ್ಯೆ ನಮ್ಮದಕ್ಕೆ ಒಂದಂಕಿಯೂ ತಪ್ಪದೆ ಹೊಂದುತ್ತಿತ್ತು. ಪ್ಲಗ್ಗುಗಳು ಕೂಡಿದವು, ಕೀಲಿ ತಿರುಗಿಸಿದೊಡನೆ ಕಾರು ಶುರುವಾಯಿತು. ಬೆನ್ನಿಗೇ ಕಪ್ಪು ಹೊಗೆ ಬಂತು. ಪೆಟ್ರೋಲ್ ವಾಸನೆಗೆ ಹಿಂದೆ ನಿಂತವರ ಕಣ್ಣು ಉರಿಯಿತು. ಗೋವಾವೇಸ್ ವೃತ್ತದಲ್ಲಿ ನಿಂತರೆ ಎಂಜಿನ್ ನಡುಗಿ ನಡುಗಿ ಆರುತ್ತಿತ್ತು, ಹಿಂದಿನವರ ಹಾರ್ನ್ ಮಾತ್ರ ಆರುತ್ತಿರಲಿಲ್ಲ. ಮಿಸ್ತ್ರಿ ಸ್ಪಾರ್ಕ್ ಪ್ಲಗ್ ಬದಲಿಸಿದ, ಇಂಜೆಕ್ಟರ್ ತೊಳೆದ, ಕೊನೆಗೆ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಮೇಲೆ ಅನುಮಾನಪಟ್ಟು ಅದನ್ನೂ ಬದಲಿಸಿದ. ‘ನಂಬರ್ ಒಂದೇ ಇದೆಯಲ್ಲ ಸರ್, ಇಸಿಎಂ ಮೇಲೆ ಸಂಶಯ ಬೇಡ’ ಎಂಬುದು ಅವನ ವಾದ. ಬಿಲ್ಲು ಬೆಳೆಯುತ್ತಿತ್ತು, ವಾದ ಬದಲಾಗಲಿಲ್ಲ.

ಎರಡೂ ಪೆಟ್ಟಿಗೆಗಳ ಸಣ್ಣ ಮುಚ್ಚಳ ಬಿಚ್ಚಿಸಿ ಪಕ್ಕಪಕ್ಕ ಇಟ್ಟಾಗ ವಿಷಯ ತಿಳಿಯಿತು. ಒಳಗೆ ಸಾಕೆಟ್ಟಿನಲ್ಲಿ ಕೂರಿಸಿದ, ಇಪ್ಪತ್ತೆಂಟು ಕಾಲುಗಳ ಒಂದೊಂದು ಚಿಪ್. ಅವುಗಳ ಮೇಲೆ ಅಂಟಿಸಿದ ಚೀಟಿಯ ಅಕ್ಷರಗಳು ಬೇರೆ ಬೇರೆ. ಆ ಕಾಲದಲ್ಲಿ ಒಂದೇ ಪೆಟ್ಟಿಗೆಯನ್ನು ಹಲವು ಎಂಜಿನ್‌ಗಳಿಗೆ ಬಳಸುತ್ತಿದ್ದರು, ಎಂಜಿನ್‌ಗೆ ತಕ್ಕಂತೆ ಬದಲಾಗುತ್ತಿದ್ದದ್ದು ಚಿಪ್ ಮಾತ್ರ. ಇಂಥ ಕಂಪ್ಯೂಟರು ಪೆಟ್ರೋಲನ್ನು ಅಳೆದು ಸುರಿಯುವುದಿಲ್ಲ. ಇಂಜೆಕ್ಟರನ್ನು ಇಷ್ಟು ಮಿಲಿಸೆಕೆಂಡ್ ತೆರೆದಿಡು ಎಂದಷ್ಟೇ ಹೇಳುತ್ತದೆ. ಅಷ್ಟರಲ್ಲಿ ಎಷ್ಟು ಪೆಟ್ರೋಲ್ ಬೀಳುತ್ತದೆ ಎಂಬ ಲೆಕ್ಕ ಚಿಪ್ಪಿನಲ್ಲಿ ಬರೆದಿರುತ್ತದೆ. ಗುಜರಿಯ ಚಿಪ್ ಯಾವುದೋ ಸಣ್ಣ ಇಂಜೆಕ್ಟರಿನ ಎಂಜಿನ್‌ಗೆ ಬರೆದದ್ದಿರಬೇಕು. ನಮ್ಮದನ್ನೂ ಸಣ್ಣದೆಂದೇ ತಿಳಿದು ಬಹಳ ಹೊತ್ತು ತೆರೆದಿಡುತ್ತಿತ್ತು. ಆಕ್ಸಿಜನ್ ಸೆನ್ಸರ್ ‘ಹೆಚ್ಚಾಯಿತು’ ಎಂದು ಹೇಳುತ್ತಲೇ ಇದ್ದರೂ, ಅದರ ಮಾತು ಕೇಳಿ ಕಂಪ್ಯೂಟರು ಕಡಿಮೆ ಮಾಡುವುದಕ್ಕೂ ಒಂದು ಮಿತಿ ಇದೆ. ಪಾಪದ ಸೆನ್ಸರನ್ನೇ ನಾವು ಕಳ್ಳನನ್ನಾಗಿ ಮಾಡಿದ್ದೆವು.

ಹಾಗಾದರೆ ನಮ್ಮ ಚಿಪ್ಪನ್ನೇ ಹೊಸ ಪೆಟ್ಟಿಗೆಗೆ ಹಾಕಿದರಾಯಿತಲ್ಲ? ಅದರ ಕಾಲುಗಳು ಹಸಿರುಗಟ್ಟಿದ್ದವು. ಎಬ್ಬಿಸುವಾಗ ಒಂದು ಕಾಲು ಸಾಕೆಟ್ಟಿನಲ್ಲೇ ಉಳಿಯಿತು.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ ನೆರವಿಗೆ ಬಂದದ್ದು ಇಲ್ಲಿ. ಫೌಂಡ್ರಿ, ಲೇತು, ಹೈಡ್ರಾಲಿಕ್ ಪಂಪುಗಳ ನಡುವೆ, ಕಂಪ್ಯೂಟರ್ ನಡೆಸುವ ಹಳೆಯ ಸಿಎನ್‌ಸಿ ಯಂತ್ರಗಳ ಬೋರ್ಡು ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆಂದು ಗೆಳೆಯ ಹೇಳಿದ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಆ ಯಂತ್ರಗಳಲ್ಲೂ ಇದೇ ಜಾತಿಯ ಚಿಪ್ಪುಗಳು. ನಮ್ಮ ಚಿಪ್ಪನ್ನು ಮೇಜಿನ ಮೇಲಿಟ್ಟ ಕೂಡಲೇ ನಾನು ಚೀಟಿಗೆ ಉಗುರು ಹಾಕಲು ಹೋದೆ. ‘ಕೀಳಬೇಡಿ ಸರ್, ಕೆಳಗೆ ಗಾಜಿನ ಕಿಟಕಿ ಇದೆ, ಬಿಸಿಲು ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ’ ಎಂದು ಕೈ ಹಿಡಿದರು. ಚೀಟಿ ಹೆಸರು ಬರೆಯುವುದಕ್ಕಷ್ಟೇ ಇರುವುದಲ್ಲ ಎಂದು ಆಗ ಗೊತ್ತಾಯಿತು.

ಮುರಿದ ಕಾಲಿನ ಮೊಂಡಿಗೆ ಕೂದಲಿನಷ್ಟು ತೆಳ್ಳನೆಯ ತಂತಿ ಬೆಸೆದರು. ಭೂತಗನ್ನಡಿ ಕಣ್ಣಿಗೆ, ಉಸಿರು ಬಿಗಿಹಿಡಿದು, ಸೋಲ್ಡರಿಂಗ್ ಕಡ್ಡಿಯ ತುದಿ ತಾಗಿತೋ ಇಲ್ಲವೋ ಎಂಬಂತೆ. ನಂತರ ಚಿಪ್ಪನ್ನು ಓದಿಸಿ, ಮತ್ತೆ ಓದಿಸಿ, ಎರಡೂ ಓದು ಒಂದೇ ಎಂದು ಖಾತ್ರಿ ಮಾಡಿಕೊಂಡರು. ಇಪ್ಪತ್ತೈದು ವರ್ಷ ದಾಟಿದ ಆ 27ಸಿ256 ಚಿಪ್ಪಿನಲ್ಲಿದ್ದ ಒಟ್ಟು ಸಂಪತ್ತು 32 ಕಿಲೋಬೈಟ್. ಮೊಬೈಲಿನಲ್ಲಿ ಬರುವ ‘ಶುಭೋದಯ’ದ ಚಿತ್ರವೇ ಅದಕ್ಕಿಂತ ದೊಡ್ಡದು.

ಖಾಲಿ 256 ಅವರಲ್ಲಿರಲಿಲ್ಲ. ಅದರ ಎರಡು ಪಟ್ಟು ಹಿಡಿಸುವ 27ಸಿ512 ಇತ್ತು. ಕಾಲುಗಳ ಸಂಖ್ಯೆ, ಅಳತೆ ಎಲ್ಲ ಒಂದೇ. ಅದಕ್ಕೇ ಬರೆದುಕೊಟ್ಟರು. ಹಾಕಿದೆವು. ಎಂಜಿನ್ ಕೆಮ್ಮುತ್ತಾ ಓಡಿತು, ಆದರೆ ಆಕ್ಸಿಲರೇಟರ್ ಒತ್ತಿದರೆ ಉಸಿರೇ ಇಲ್ಲ. ಆ ತಲೆಮಾರಿನ ಜಿಎಂ (ಜನರಲ್ ಮೋಟಾರ್ಸ್) ಬಗೆಯ ಕಂಪ್ಯೂಟರಿನಲ್ಲಿ ತಪಾಸಣೆಯ ಸಾಕೆಟ್ಟಿನ ಎರಡು ಪಿನ್ನುಗಳನ್ನು ತಂತಿಯಿಂದ ಕೂಡಿಸಿದರೆ ಎಂಜಿನ್ ದೀಪವೇ ಮಿಟುಕಿ ದೋಷದ ಸಂಖ್ಯೆ ಹೇಳುತ್ತದೆ, ಸ್ಕ್ಯಾನರ್ ಬೇಕಿಲ್ಲ. ಐದು ಮಿಟುಕು, ಸ್ವಲ್ಪ ಬಿಡುವು, ಒಂದು ಮಿಟುಕು: 51, ಅಂದರೆ ಚಿಪ್ಪಿನದೇ ದೋಷ. ಚಿಪ್ ಓದಲಾಗದೆ ಕಂಪ್ಯೂಟರು ತನ್ನ ಬದಲಿ ಸರ್ಕ್ಯೂಟಿನಲ್ಲಿ ಹೇಗೋ ದಿನ ದೂಡುತ್ತಿತ್ತು.

ಫೋನಿನಲ್ಲಿ ಸಂಖ್ಯೆ ಹೇಳುವಷ್ಟರಲ್ಲಿ ಕಾಕಾ ನಕ್ಕರು. ‘ಒಂದನೇ ಕಾಲು ಸರ್! ತನ್ನಿ ಇಲ್ಲಿ.’ 256ರಲ್ಲಿ ಒಂದನೇ ಕಾಲು ಬರೆಯುವಾಗಿನ ವೋಲ್ಟೇಜಿಗೆ ಮೀಸಲು. ಓದುವಾಗ ಅದನ್ನು ಸುಮ್ಮನೆ ಐದು ವೋಲ್ಟಿಗೆ ಕಟ್ಟಿರುತ್ತಾರೆ. 512ರಲ್ಲಿ ಅದೇ ಕಾಲು ವಿಳಾಸದ ಗೆರೆ, ಯಾವ ಅರ್ಧ ಓದಬೇಕೆಂದು ಹೇಳುವುದು ಅದೇ. ಅಲ್ಲಿ ಐದು ವೋಲ್ಟ್ ಇದ್ದರೆ ಚಿಪ್ ತನ್ನ ಮೇಲಿನ ಅರ್ಧವನ್ನಷ್ಟೇ ತೋರಿಸುತ್ತದೆ. ನಮ್ಮ ಲೆಕ್ಕವೆಲ್ಲ ಕೆಳಗಿನ ಅರ್ಧದಲ್ಲಿತ್ತು, ಮೇಲೆ ಬರೀ ಖಾಲಿ. ಸಿಎನ್‌ಸಿ ಬೋರ್ಡುಗಳಲ್ಲಿ ಇದಕ್ಕೊಂದು ಜಂಪರ್, ಅಂದರೆ ಕಿತ್ತು ಹಾಕಬಹುದಾದ ಪುಟ್ಟ ಕೊಂಡಿ, ಇರುತ್ತದಂತೆ, ಕಾರಿನಲ್ಲಿಲ್ಲ. ಚಿಪ್ಪನ್ನು ಇಪ್ಪತ್ತು ನಿಮಿಷ ನೇರಳಾತೀತ ದೀಪದ ಪೆಟ್ಟಿಗೆಯಲ್ಲಿಟ್ಟು ಅಳಿಸಿ, ಅದೇ 32 ಕಿಲೋಬೈಟನ್ನು ಕೆಳಗೊಮ್ಮೆ ಮೇಲೊಮ್ಮೆ ಬರೆದರು. ಈಗ ಯಾವ ಅರ್ಧ ಓದಿದರೂ ಸರಿ.

ಎಂಜಿನ್ ಕಾರು ನಿಂತಲ್ಲೂ ಆರದೆ, ಸದ್ದಿಲ್ಲದೆ ಓಡಿತು. ಹೊಗೆ ತಪಾಸಣೆಯಲ್ಲೂ ಪಾಸಾಯಿತು. ಮಿಸ್ತ್ರಿ ಮಾತ್ರ ಆಕ್ಸಿಜನ್ ಸೆನ್ಸರಿನ ಹಣ ಹಿಂದಿರುಗಿಸಲಿಲ್ಲ. ಮೊನ್ನೆ ಗಡಹಿಂಗ್ಲಜದ ಒಬ್ಬರು, ಅದೇ ಮಾದರಿಯ ಕಾರಿನವರು, ಕಾಕಾನಿಂದ ನನ್ನ ನಂಬರ್ ಪಡೆದು, ನಮ್ಮ ಚಿಪ್ಪಿನಿಂದ ಓದಿದ ಆ ಫೈಲ್ ಕೇಳಿದರು. ಕೊಡುತ್ತೇನೆ, ಮೊದಲು ನಿಮ್ಮ ಚಿಪ್ಪಿನ ಚೀಟಿಯ ಫೋಟೋ ಕಳುಹಿಸಿ ಎಂದೆ. ಪೆಟ್ಟಿಗೆಯ ನಂಬರಿನ ಫೋಟೋ ಕಳುಹಿಸಿದ್ದಾರೆ.