ಏಳನೇ ನಂಬರಿನ ಉಳಿ

‘ಮೇಡಂ, ನಿಮ್ಮ ಚೀಲಾ ಯಾರು ತಗದು ನೋಡಿದ್ರಿ?’

ಮೊನ್ನೆ ಶುಕ್ರವಾರ ಮಧ್ಯಾಹ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು ಇಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ರಾತ್ರಿ ಊಟಕ್ಕೆ ಯಾವ ಪಲ್ಯ ಎಂದು ವಿಚಾರಿಸುವಷ್ಟೇ ಸಹಜವಾಗಿ, ಚಿತ್ರ ಕೊರೆದು ಮಸಿ ಬಳಿದ ಲಿನೋ ಹಲಗೆಯ ಮೇಲೆ ಹಾಸಿದ್ದ ಕಾಗದವನ್ನು ಚಮಚದ ಬೆನ್ನಿನಿಂದ ಉಜ್ಜುತ್ತಲೇ ಕೇಳಿದಳು. ‘ಯಾರೂ ನೋಡಲಿಲ್ಲ’ ಎಂದೆ. ‘ಹೌದನ್ರಿ’ ಎಂದವಳು ಕಾಗದದ ಇನ್ನೊಂದು ಮೂಲೆಗೆ ಹೋದಳು.

ನಾನು ಮುದ್ರಣಚಿತ್ರ ಕಲಾವಿದೆ. ಮನೆಯ ಹಿಂದಿನ ಕೋಣೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ; ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಪ್ರದರ್ಶನ ಮಾಡುತ್ತೇನೆ, ಮಾರಾಟದ ಮಾತು ಬೇಡ. ವಾರಕ್ಕೆ ಎರಡು ದಿನ ಧಾರವಾಡದಿಂದ ಬಸ್ಸು ಹಿಡಿದು ಹೆಣ್ಣುಮಕ್ಕಳ ವಸತಿ ಶಾಲೆಯೊಂದಕ್ಕೆ ಚಿತ್ರಕಲೆ ಹೇಳಿಕೊಡಲು ಹೋಗುತ್ತೇನೆ. ಗುರುವಾರದ ಪಾಲು ಜೇಡಿಮಣ್ಣಿನಲ್ಲಿ ಕೆಲಸ ಮಾಡುವ ಶಿಲ್ಪಿಯೊಬ್ಬರದು. ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ನಿಜ. ನಮ್ಮ ಶಾಲೆಯಲ್ಲಿ ಅದು ಪೀರಿಯಡ್ಡಿನ ಲೆಕ್ಕದ ಗೌರವಧನವಾಗಿಯೂ, ಪ್ರತಿಭಾ ಕಾರಂಜಿ ಬಂದಾಗ ಮುಖ್ಯೋಪಾಧ್ಯಾಯರ ಮುಖದಲ್ಲಿ ಮೂಡುವ ದಿಢೀರ್ ಕಲಾಪ್ರೇಮವಾಗಿಯೂ ಜಾರಿಯಲ್ಲಿದೆ.

ಹೋದ ಮಂಗಳವಾರ ಲಿನೋ ಕೊರೆಯುವ ಪಾಠವಿತ್ತು. ಮೂವತ್ತಾರು ಹುಡುಗಿಯರಿಗೆ ಹನ್ನೆರಡು ಉಳಿಗಳು, ಮೂವರಿಗೆ ಒಂದು. ಹಾಸ್ಟೆಲಿನೊಳಗೆ ಹರಿತವಾದದ್ದೇನೂ ಇರಬಾರದೆಂಬ ನಿಯಮವಿರುವುದರಿಂದ ಪ್ರತಿ ಹಿಡಿಕೆಗೂ ನಂಬರು ಬರೆದ ಪಟ್ಟಿ ಅಂಟಿಸಿದ್ದೇನೆ. ಕೊಡುವಾಗ ಎಣಿಕೆ, ತೆಗೆದುಕೊಳ್ಳುವಾಗ ಎಣಿಕೆ, ಆಮೇಲೆ ಡಬ್ಬಿ ಆಫೀಸಿನ ಕಪಾಟಿಗೆ. ಮೊದಲ ದಿನವೇ ಮಕ್ಕಳಿಗೆ ಚಿತ್ರಕಾರ ನಂದಲಾಲ್ ಬೋಸರ 1930ರ ಲಿನೋ ಅಚ್ಚು ‘ಬಾಪೂಜಿ’ ತೋರಿಸಿದ್ದೆ. ದಂಡಿಗೆ ನಡೆದ ಗಾಂಧಿ, ಕೈಯಲ್ಲಿ ಕೋಲು, ಕಪ್ಪು ನೆಲದ ಮೇಲೆ ಕೆಲವೇ ಬಿಳಿ ಗೆರೆಗಳು. ಲಿನೋದಲ್ಲಿ ಕೊರೆದು ತೆಗೆದದ್ದು ಬೆಳ್ಳಗೆ, ಉಳಿದದ್ದು ಕಪ್ಪಗೆ ಅಚ್ಚಾಗುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಚಿತ್ರ ನನಗೆ ಗೊತ್ತಿಲ್ಲ.

ಲಿನೋ ಹಾಳೆಯನ್ನು ಬಿಸಿಲಿಗೆ ಇಟ್ಟರೆ ಮೆತ್ತಗಾಗಿ ಉಳಿಗೆ ಬಗ್ಗುತ್ತದೆ. ಹಾಗೆ ಕಿಟಕಿಯ ಕಟ್ಟೆಯ ಮೇಲೆ ಹಾಳೆಗಳನ್ನು ಸಾಲಾಗಿ ಇಟ್ಟಿದ್ದಾಗ ಒಬ್ಬಳು ಮೂಗಿಗೆ ಹಿಡಿದು, ‘ಇದು ಅಗಸಿ ವಾಸನಿ ಬರ್ತೈತ್ರಿ’ ಎಂದಳು. ಇಷ್ಟು ವರ್ಷ ಆ ಹಾಳೆಗಳ ನಡುವೆಯೇ ಬದುಕಿದ ನನಗೆ ಇದು ಹೊಳೆದಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ಸರಿ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಕ್ಕೆ ಹಾಸಲೆಂದು ಕಂಡುಹಿಡಿದ ಈ ಸರಕು ಗಾಳಿಗೆ ಗಟ್ಟಿಯಾದ ಅಗಸೆ ಎಣ್ಣೆಗೆ ಬೆಂಡಿನ ಪುಡಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ್ದು. ಲಿನೋಲಿಯಂ ಎಂಬ ಅದರ ಪೂರ್ತಿ ಹೆಸರಿನಲ್ಲೇ ಲ್ಯಾಟಿನ್ನಿನ ಅಗಸೆಯೂ ಎಣ್ಣೆಯೂ ಇವೆ. ಪ್ರತಿ ಟ್ರಂಕಿನಲ್ಲಿ ಅಗಸಿ ಚಟ್ನಿಯ ಡಬ್ಬಿ ಇಟ್ಟುಕೊಂಡ ಮಕ್ಕಳಿಗೆ ಅದು ಮೊದಲ ಉಸಿರಿಗೇ ತಿಳಿಯಿತು.

ಮನೆಯ ಬಾಗಿಲನ್ನು ಕೊರೆಯುತ್ತಿದ್ದ ಒಬ್ಬಳ ಹೊಸ್ತಿಲಿನ ಗೆರೆ ನಡುಗಿತ್ತು. ಅದು ಹಾಗೆಯೇ ಚೆನ್ನಾಗಿತ್ತು ಎಂದು ಈಗ ಹೇಳಬಲ್ಲೆ. ಆಗ ನನ್ನ ಕೈ ತುರಿಸಿತು. ಕಲಿಸುವ ಕಲಾವಿದರಿಗೆಲ್ಲ ಇರುವ ಚಟ ಇದು, ಮಕ್ಕಳ ಚಿತ್ರದೊಳಗೆ ನಮ್ಮ ಕೈ ತೂರಿಸುವುದು. ‘ತಾ ಇಲ್ಲಿ’ ಎಂದು ಅವಳಿಂದ ಏಳನೇ ನಂಬರಿನ ಉಳಿಯನ್ನು ತೆಗೆದುಕೊಂಡು, ಗೆರೆಯನ್ನು ನೇರ ಮಾಡಿ, ಅಷ್ಟರಲ್ಲಿ ಯಾರೋ ಮಸಿಯ ಡಬ್ಬಿ ಚೆಲ್ಲಿದರೆಂದು ಓಡಿದೆ. ಗಂಟೆ ಹೊಡೆಯಿತು. ಡಬ್ಬಿ ಮುಚ್ಚಿದೆ, ಏಪ್ರನ್ ಮಡಚಿ ಚೀಲಕ್ಕೆ ತುರುಕಿದೆ, ನಾಲ್ಕೂವರೆಯ ಬಸ್ಸು ಹಿಡಿದೆ.

ಬಸ್ಸಿನಲ್ಲಿ ವಾರ್ಡನ್ ಫೋನು ಬಂತು: ಹನ್ನೊಂದೇ ಇವೆ, ಏಳನೆಯದಿಲ್ಲ. ‘ನಾನು ಎಣಿಸಿಯೇ ಇಟ್ಟಿದ್ದೇನೆ’ ಎಂದೆ. ಎಣಿಸಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆಂದು ಆ ಕ್ಷಣಕ್ಕೆ ನನಗೆ ಅನ್ನಿಸಲೂ ಇಲ್ಲ. ಪ್ರತಿ ಸಲ ಎಣಿಸುವವಳು ಈ ಸಲವೂ ಎಣಿಸಿರುತ್ತೇನೆ ಎಂಬ ಧೈರ್ಯದಲ್ಲಿ ಹೇಳಿದೆ. ಹುಡುಗಿ ಆಗಲೇ ವಾರ್ಡನ್ ಮುಂದೆ ನಿಂತು ‘ಮೇಡಂ ತಗೊಂಡಿದ್ರಿ’ ಎಂದಿದ್ದಳಂತೆ. ನನ್ನ ಮಾತು ಕೇಳಿದ ಮೇಲೆ ಅವಳ ಮಾತಿಗೆ ಬೆಲೆ ಉಳಿಯಲಿಲ್ಲ. ಮೇಡಂ ಮ್ಯಾಲೆ ಹಾಕ್ತೀಯೇನು ಎಂದು ಬೈಸಿಕೊಂಡಳು. ಆರು ಗಂಟೆಗೆ ಮೂವತ್ತಾರು ಟ್ರಂಕುಗಳನ್ನು ವರಾಂಡಕ್ಕೆ ತರಿಸಿ ಒಂದೊಂದಾಗಿ ಬಿಚ್ಚಿಸಿದರು.

ರಾತ್ರಿ ಒಂಬತ್ತಕ್ಕೆ ಏಪ್ರನ್ ನೆನೆಹಾಕಲು ಹೋದಾಗ ಜೇಬಿನಿಂದ ಉಳಿ ಬಕೆಟ್ಟಿನ ತಳಕ್ಕೆ ಬಿದ್ದು ಟಣ್ ಎಂದಿತು.

ತಕ್ಷಣ ಫೋನು ಮಾಡಿದೆ. ಕ್ಷಮೆ ಕೇಳಿ, ಅದೇ ಉಸಿರಿನಲ್ಲಿ, ಮಕ್ಕಳ ಟ್ರಂಕು ಬಿಚ್ಚಿಸುವ ಮೊದಲು ಬೆಳಗಿನವರೆಗೆ ಕಾಯಬಹುದಿತ್ತಲ್ಲ ಎಂದೂ ಅಂದೆ. ಅಪರಾಧಿಗೆ ಇಷ್ಟು ಬೇಗ ನ್ಯಾಯಾಧೀಶರ ದನಿ ಹೇಗೆ ಬರುತ್ತದೋ! ವಾರ್ಡನ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ನಾಕೂವರಿ ಬಸ್ಸಿಗೆ ಹೋಗ್ತೀರಿ. ರಾತ್ರಿ ಇಲ್ಲಿ ನಾ ಇರ್ತೀನ್ರಿ’ ಎಂದರು.

ಆಕೆಯನ್ನು ನಾನು ಎಂದೂ ಇಷ್ಟಪಟ್ಟವಳಲ್ಲ. ಮಸಿಯಾದ ಕೈ ಕಂಡರೆ ಸಿಡುಕುವ, ಒಣಗಲು ಹಾಕಿದ ಅಚ್ಚುಗಳನ್ನು ‘ಹಾಳಿ’ ಎಂದು ಕರೆಯುವ, ಕಿವಿಯೋಲೆಯ ಉದ್ದವನ್ನೂ ಅಳೆಯುವ ಹೆಂಗಸು. ಆದರೂ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹದಿಮೂರು ವರ್ಷದ ಮೂವತ್ತಾರು ಮಕ್ಕಳು, ಅದರಲ್ಲಿ ಒಬ್ಬಳಿಗೆ ಮನೆಯಿಂದ ಕೆಟ್ಟ ಸುದ್ದಿ, ಇನ್ನೊಬ್ಬಳಿಗೆ ಗೆಳತಿಯೊಡನೆ ಜಗಳ, ಎಲ್ಲೋ ಒಂದು ಹರಿತವಾದ ಉಳಿ, ಕತ್ತಲು. ಹಾಗೆ ಯೋಚಿಸಿದರೆ ನಾನೂ ಟ್ರಂಕು ಬಿಚ್ಚಿಸುತ್ತಿದ್ದೆನೇನೋ. ನಂದಲಾಲರ ಹೆಸರನ್ನು ತರಗತಿಯಲ್ಲಿ ಎಷ್ಟು ಸಲೀಸಾಗಿ ತೆಗೆಯುತ್ತೇನೆ! ಅವರು 1951ರಲ್ಲಿ ನಿವೃತ್ತರಾಗುವವರೆಗೂ ಶಾಂತಿನಿಕೇತನದ ಕಲಾಶಾಲೆ ಕಲಾಭವನವನ್ನು ನಡೆಸಿ, ಅಲ್ಲೇ ಮನೆ ಮಾಡಿಕೊಂಡು, ವಿದ್ಯಾರ್ಥಿಗಳ ಹಗಲನ್ನೂ ಸಂಜೆಯನ್ನೂ ಕಂಡವರು. ನಾನು ಮಕ್ಕಳ ಕೈಗೆ ಹರಿತ ಕೊಟ್ಟು ಬಸ್ಸು ಹತ್ತುವವಳು. ನನ್ನ ತರಗತಿಯಲ್ಲಿ ಮಕ್ಕಳು ನಗುತ್ತಾರೆ, ಹೆದರುವುದಿಲ್ಲ, ನೆಲದ ಮೇಲೆ ಮಲಗಿಕೊಂಡು ಬಿಡಿಸುತ್ತಾರೆ ಎಂಬ ಹೆಮ್ಮೆಯ ಕಾವಲಿಗೆ ಆ ಸಿಡುಕಿನ ಹೆಂಗಸು ರಾತ್ರಿ ಕೂತಿರುತ್ತಾಳೆ.

ಶಿಲ್ಪಿ ಮಿತ್ರರಿಗೆ ಹೇಳಿದಾಗ ಅವರು ನಕ್ಕು, ‘ಕಲಾವಿದರು ಮರೀತಾರ, ಬಿಡ್ರಿ’ ಎಂದರು. ಒಳ್ಳೆಯ ಮನುಷ್ಯ, ಮಣ್ಣಿನಲ್ಲಿ ಅವರ ಬೆರಳು ಮಾಡುವುದನ್ನು ನೋಡುತ್ತ ನಿಲ್ಲಬೇಕು ಅನ್ನಿಸುತ್ತದೆ. ಆದರೆ ಆ ಮಾತು ನನಗೆ ರುಚಿಸಲಿಲ್ಲ. ಕಲಾವಿದರೆಂಬುದನ್ನು ನಾವು ರಜಾ ಅರ್ಜಿಯ ಹಾಗೆ ಎಲ್ಲಿ ಬೇಕಾದರೂ ಲಗತ್ತಿಸುತ್ತೇವೆ. ಅಡುಗೆಯವರು ಉಪ್ಪು ಮರೆತರೆ ಅವರಿಗೆ ಆ ಸೌಕರ್ಯವಿಲ್ಲ.

ಶುಕ್ರವಾರ ತರಗತಿ ಶುರುವಾಗುವ ಮೊದಲೇ ಎಲ್ಲರ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಉಳಿ ನನ್ನ ಜೇಬಿನಲ್ಲಿತ್ತು, ಎಣಿಸದೆಯೇ ಎಣಿಸಿದ್ದೇನೆಂದೆ, ನಿಮ್ಮ ಗೆಳತಿ ನಿಜ ಹೇಳಿದ್ದಳು. ಮಕ್ಕಳು ಬಹಳ ಉದಾರಿಗಳು; ಎರಡು ನಿಮಿಷದಲ್ಲಿ ಟ್ರಂಕಿನ ಕಥೆ ಅವರ ಬಾಯಲ್ಲಿ ತಮಾಷೆಯಾಯಿತು. ಒಬ್ಬಳ ಶೇಂಗಾ ಉಂಡಿ ಪತ್ತೆಯಾಗಿ ಹಂಚಿಹೋದದ್ದು, ಇನ್ನೊಬ್ಬಳು ಅವ್ವನ ಹಳೆಯ ಸೀರೆಯನ್ನು ತೊಳೆಯದೆ ಮಡಚಿಟ್ಟದ್ದು, ಮತ್ತೊಬ್ಬಳು ಲಿನೋ ಕೊರೆದಾಗ ಸುರುಳಿಯಾಗಿ ಏಳುವ ಚೂರುಗಳನ್ನು ಕಂಪಾಸು ಡಬ್ಬಿಯಲ್ಲಿ ತುಂಬಿಟ್ಟದ್ದು ಎಲ್ಲ ಹೊರಬಂತು. ಬಾಗಿಲು ಕೊರೆದ ಹುಡುಗಿಯ ಟ್ರಂಕಿನಲ್ಲಿ ಸಿಕ್ಕಿದ್ದು ಒಂದು ರಬ್ಬರು. ಕೈವಾರದ ಮೊನೆಯಿಂದ ಅದರ ಮೇಲೆ ಪುಟ್ಟ ಬಾಗಿಲೊಂದನ್ನು ಕೆತ್ತಿ, ಪೆನ್ನಿನ ಮಸಿ ಬಳಿದು, ಟ್ರಂಕಿನ ಮುಚ್ಚಳದ ಒಳಭಾಗದ ತುಂಬ ಒತ್ತಿದ್ದಳು, ಸಾಲು ಸಾಲು ಬಾಗಿಲುಗಳು. ವಾರ್ಡನ್ ಕೈವಾರವನ್ನು ವಶಪಡಿಸಿಕೊಂಡು, ಮರುದಿನ ಗಣಿತದ ಮಾಸ್ತರರು ಕೇಳಿದಾಗ ವಾಪಸು ಕೊಟ್ಟರಂತೆ.

ಎಲ್ಲರೂ ನಗುತ್ತಿದ್ದಾಗ ಅವಳು ನಗದೆ ಕಾಗದ ಉಜ್ಜುತ್ತಿದ್ದಳು. ಆಗ ಕೇಳಿದ್ದು ಅದು, ನಿಮ್ಮ ಚೀಲ ಯಾರು ತೆಗೆದು ನೋಡಿದರು ಎಂದು. ನಾನು ಕೊಟ್ಟ ಉತ್ತರ ನಿಜವಾದದ್ದೇ. ಆದರೆ ‘ಹೌದನ್ರಿ’ ಎಂಬ ಅವಳ ಪದವನ್ನು ಎಷ್ಟು ಸಲ ತಿರುವಿ ಹಾಕಿದರೂ ಅದರಲ್ಲಿ ಆಶ್ಚರ್ಯವಿರಲಿಲ್ಲ. ತಾನು ಮೊದಲೇ ಬಲ್ಲ ಲೆಕ್ಕವೊಂದು ತಾಳೆಯಾದಾಗ ಹೇಳುವ ಹಾಗಿತ್ತು. ಅವಳು ಕಾಗದವನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದಳು. ಬಾಗಿಲು ಬಂದಿತ್ತು. ಅದರ ಕೆಳಗೆ ನಾನು ನೇರ ಮಾಡಿದ ಹೊಸ್ತಿಲಿನ ಗೆರೆ ಬೇರೆ ಯಾರದೋ ಮನೆಯದರಂತೆ ಎದ್ದು ಕಾಣುತ್ತಿತ್ತು.

ಹೊರಡುವಾಗ ಡಬ್ಬಿಯನ್ನು ಆಫೀಸಿನ ಮೇಜಿನ ಮೇಲಿಟ್ಟು, ಒಂದೊಂದೇ ಉಳಿಯನ್ನು ಎಣಿಸಿ, ರಿಜಿಸ್ಟರಿನಲ್ಲಿ 12 ಎಂದು ಬರೆದು ಸಹಿ ಮಾಡಿದೆ. ನಂತರ ನನ್ನ ಚೀಲವನ್ನು ವಾರ್ಡನ್ ಮುಂದೆ ಸುರಿದೆ: ಏಪ್ರನ್, ನೀರಿನ ಬಾಟಲಿ, ಬಸ್ಸಿನ ಚೀಟಿಗಳು, ಮಸಿಯಾದ ಚಿಂದಿ, ಅರ್ಧ ತಿಂದ ಬಿಸ್ಕತ್ತಿನ ಪ್ಯಾಕೆಟ್ಟು. ಆಕೆ ಗಾಬರಿಯಿಂದ ಎದ್ದು ಬಾಗಿಲ ಕಡೆ ನೋಡಿ, ಏಪ್ರನ್ನನ್ನು ತಾವೇ ಚೀಲದೊಳಗೆ ತುರುಕುತ್ತ, ‘ಅಯ್ಯ, ಮುಚ್ಚಿಕೋರಿ ಮೇಡಂ, ಹುಡುಗ್ಯಾರು ನೋಡ್ತಾರ’ ಎಂದರು.